ಬಂಡೂರು ಕುರಿಯ ಸುತ್ತುರೋಗ: ಮಿದುಳಿನ ನೀರ್ಗುಳ್ಳೆಯ ಪತ್ತೆ, ಶಸ್ತ್ರಚಿಕಿತ್ಸೆ ಮತ್ತು ಹತೋಟಿ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರು ಒಂದು ಹಳ್ಳಿ. ಆದರೆ ಮಾಂಸದ ಕುರಿಯ ಮಾತು ಬಂದಾಗ ರಾಜ್ಯದಲ್ಲೆಲ್ಲ ಮೊದಲು ಕೇಳಿಬರುವ ಹೆಸರು ಅದರದೇ. ಗಿಡ್ಡ ಕಾಲು, ಅಗಲವಾದ ಎದೆ, ಮೈಕೈ ತುಂಬಿಕೊಂಡ ಕಟ್ಟುಮಸ್ತಾದ ದೇಹ, ಹಿಂದಿನಿಂದ ನೋಡಿದರೆ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗು ಮಾಡಿಟ್ಟಂತೆ ಕಾಣುವ ತುಂಬು ತೊಡೆ, ಇವು ಈ ತಳಿಯ ಗುರುತುಗಳು. ಮಂಡ್ಯ ಕುರಿ, ಬನ್ನೂರು ಕುರಿ ಎಂದೂ ಇದನ್ನು ಕರೆಯುವುದುಂಟು. ಶುದ್ಧ ತಳಿಯ ಹೆಣ್ಣು ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಆದ್ದರಿಂದ ತಳಿಗೆಂದು ಉಳಿಸಿಕೊಂಡ ಒಂದು ಹೆಣ್ಣುಮರಿ ಹೋದರೆ ಆಗುವ ನಷ್ಟ ಆ ದಿನದ ಸಂತೆಯ ಬೆಲೆಯಷ್ಟೇ ಅಲ್ಲ, ಮುಂದಿನ ಐದಾರು ಸೂಲುಗಳೂ ಅದರ ಜೊತೆಗೇ ಹೋದಂತೆ.

ಇಂಥ ಮರಿಯೊಂದು ಎಂಟು ಹತ್ತು ತಿಂಗಳ ಪ್ರಾಯದಲ್ಲಿ, ಮೇವು ನೀರಿಗೆ ಕೊರತೆಯಿಲ್ಲದಿರುವಾಗಲೂ, ಹಿಂಡಿನಿಂದ ಹಿಂದುಳಿಯತೊಡಗುತ್ತದೆ. ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಿಂತಲ್ಲೇ ಸುತ್ತುತ್ತದೆ. ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ದಿನ ಕಳೆದಂತೆ ಬಡವಾಗಿ, ಕೊನೆಗೆ ಮಲಗಿದಲ್ಲಿಂದ ಏಳುವುದಿಲ್ಲ. ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಕೆಲವರು ಹಣೆಗೆ ಬರೆ ಹಾಕಿಸುತ್ತಾರೆ. ಮತ್ತೆ ಕೆಲವರು ಸಾಯುವ ಮೊದಲೇ ಬಂದಷ್ಟು ಬೆಲೆಗೆ ಮಾರುತ್ತಾರೆ. ಇದಕ್ಕೆ ಕಾರಣ ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಕುರಿಯ ಮಿದುಳಿನಲ್ಲಿ ಬೆಳೆದಿರುವ ಒಂದು ನೀರ್ಗುಳ್ಳೆ. ಆ ಗುಳ್ಳೆಯ ಮೂಲ ನಮ್ಮ ಮನೆಬಾಗಿಲಿನಲ್ಲಿ ಮಲಗಿರುವ ನಾಯಿ.

ಈ ರೋಗಕ್ಕೆ ಸುತ್ತುರೋಗ, ತಲೆ ತಿರುಗುವ ರೋಗ ಎಂದು ಹೆಸರು. ಇಂಗ್ಲಿಷಿನಲ್ಲಿ ಗಿಡ್ ಎನ್ನುತ್ತಾರೆ. ಕರ್ನಾಟಕದ ಕುರಿ ಮೇಕೆಗಳಲ್ಲಿ ಇದು ಕಂಡುಬರುತ್ತದೆ. ತಳಿ ಎಷ್ಟೇ ಉತ್ತಮವಾಗಿದ್ದರೂ ರೋಗ ಬಿಡುವುದಿಲ್ಲ. ಸಕಾಲದಲ್ಲಿ ಗುರುತಿಸಿದರೆ ಶಸ್ತ್ರಚಿಕಿತ್ಸೆಯಿಂದ ಹಲವು ಕುರಿಗಳನ್ನು ಉಳಿಸಬಹುದು. ನಾಯಿಗೆ ಕಾಲಕಾಲಕ್ಕೆ ಮಾತ್ರೆ ಕೊಟ್ಟು, ಕುರಿಯ ತಲೆ ಅದರ ಬಾಯಿಗೆ ಸಿಗದಂತೆ ನೋಡಿಕೊಂಡರೆ ಇಡೀ ಹಿಂಡನ್ನೇ ಉಳಿಸಬಹುದು.

ರೋಗಕ್ಕೆ ಕಾರಣ

ಟೀನಿಯ ಮಲ್ಟಿಸೆಪ್ಸ್ ಎಂಬ ಲಾಡಿಹುಳು ಈ ರೋಗಕ್ಕೆ ಕಾರಣ. ಪೂರ್ಣ ಬೆಳೆದ ಹುಳು ವಾಸಿಸುವುದು ನಾಯಿಯ ಸಣ್ಣ ಕರುಳಿನಲ್ಲಿ. ನರಿ, ಗುಳ್ಳೆನರಿ, ತೋಳಗಳಲ್ಲಿಯೂ ಇರುತ್ತದೆ. ಉದ್ದ ಸಾಮಾನ್ಯವಾಗಿ 40 ರಿಂದ 100 ಸೆಂಟಿಮೀಟರು. ಹುಳುವಿನ ಬಾಲದ ಕಡೆಯ ತುಂಡುಗಳಲ್ಲಿ ಮೊಟ್ಟೆ ತುಂಬಿರುತ್ತವೆ. ಅವು ಒಂದೊಂದಾಗಿ ಕಳಚಿ ನಾಯಿಯ ಮಲದೊಡನೆ ಹೊರಬೀಳುತ್ತವೆ. ಅನ್ನದ ಅಗುಳಿಗಿಂತ ತುಸು ದೊಡ್ಡದಾದ, ಚಪ್ಪಟೆಯಾದ ಬಿಳಿ ತುಂಡುಗಳು ಮಲದ ಮೇಲೆ ಕಂಡರೆ ಲಾಡಿಹುಳು ಇದೆ ಎಂದು ತಿಳಿಯಬೇಕು. ಆದರೆ ಕಾಣದಿದ್ದ ಮಾತ್ರಕ್ಕೆ ಹುಳು ಇಲ್ಲವೆಂದಲ್ಲ. ಹುಳುವಿರುವ ನಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಚೆನ್ನಾಗಿ ತಿನ್ನುತ್ತದೆ, ಹಿಂಡನ್ನೂ ಕಾಯುತ್ತದೆ. ಇದರಿಂದಲೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮೊಟ್ಟೆಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಬಿರುಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತವೆ. ತೇವ ಮತ್ತು ನೆರಳು ಇರುವ ಕಡೆ ತಿಂಗಳುಗಟ್ಟಲೆ ಬದುಕುತ್ತವೆ. ಗದ್ದೆಯ ಬದು, ನಾಲೆಯ ಏರಿ, ಕೆರೆಯಂಗಳ, ತೋಟದ ಅಂಚು, ಇವೇ ನಮ್ಮ ಕುರಿಗಳು ಮೇಯುವ ಜಾಗಗಳು. ನಾಯಿಗಳು ಮಲ ವಿಸರ್ಜಿಸುವುದೂ ಅಲ್ಲಿಯೇ. ನೀರಾವರಿ ಪ್ರದೇಶದ ಹಸಿರು ಬದು ಮೊಟ್ಟೆಗಳಿಗೂ ಅನುಕೂಲವಾದ ಜಾಗ ಎಂಬುದನ್ನು ಮರೆಯಬಾರದು.

ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿದ ಮೊಟ್ಟೆ ಕರುಳಿನಲ್ಲಿ ಒಡೆದು, ಒಳಗಿನ ಸೂಕ್ಷ್ಮ ಮರಿ ರಕ್ತದ ಮೂಲಕ ಮೈಯೆಲ್ಲ ಹರಡುತ್ತದೆ. ಮಿದುಳು ಅಥವಾ ಬೆನ್ನುಹುರಿಗೆ ತಲುಪಿದವು ಮಾತ್ರ ಸಾಮಾನ್ಯವಾಗಿ ಬದುಕಿ ಬೆಳೆಯುತ್ತವೆ. ಅಲ್ಲಿ ಅದು ನೀರು ತುಂಬಿದ ಗುಳ್ಳೆಯಾಗುತ್ತದೆ. ಇದಕ್ಕೆ ಸೀನ್ಯೂರಸ್ ಎಂದು ಹೆಸರು. ಆರರಿಂದ ಎಂಟು ತಿಂಗಳಲ್ಲಿ ಗುಳ್ಳೆ ಸುಮಾರು 5 ಸೆಂಟಿಮೀಟರು ಅಥವಾ ಅದಕ್ಕೂ ಹೆಚ್ಚು ಅಗಲಕ್ಕೆ ಬೆಳೆಯಬಲ್ಲದು. ಗುಳ್ಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ತೆಳುವಾದ ಪೊರೆಯ ಒಳಗೋಡೆಯ ಮೇಲೆ ಬಿಳಿ ರವೆ ಅಂಟಿಸಿದಂತೆ ಚುಕ್ಕೆಗಳ ಗುಂಪುಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದು ಹುಳುವಿನ ತಲೆ. ಇಂಥವು ಒಂದೇ ಗುಳ್ಳೆಯಲ್ಲಿ ನೂರಾರು ಇರುತ್ತವೆ.

ಈ ಗುಳ್ಳೆಯಿರುವ ಕುರಿಯ ತಲೆಯನ್ನು ನಾಯಿ ತಿಂದರೆ ಒಂದೊಂದು ಚುಕ್ಕೆಯೂ ನಾಯಿಯ ಕರುಳಿನಲ್ಲಿ ಒಂದೊಂದು ಲಾಡಿಹುಳುವಾಗಬಲ್ಲದು. ಸುಮಾರು ಆರು ವಾರಗಳಲ್ಲಿ ಹುಳು ಬೆಳೆದು ಮೊಟ್ಟೆಯ ತುಂಡುಗಳನ್ನು ಹೊರಹಾಕಲು ತೊಡಗುತ್ತದೆ. ಮತ್ತೆ ಬದು, ಮತ್ತೆ ಹುಲ್ಲು, ಮತ್ತೆ ಕುರಿ. ಹೀಗೆ ಸುತ್ತುರೋಗದ ಸುತ್ತು ಪೂರ್ತಿಯಾಗುತ್ತದೆ. ನಾಯಿಯ ಹುಳುವಿಗೂ ಕುರಿಯ ಮಿದುಳಿನ ಗುಳ್ಳೆಗೂ ಇರುವ ಈ ಸಂಬಂಧವನ್ನು ಜರ್ಮನಿಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯ 19ನೆಯ ಶತಮಾನದ ನಡುಭಾಗದಲ್ಲಿಯೇ ಪ್ರಯೋಗದಿಂದ ತೋರಿಸಿಕೊಟ್ಟನು.

ಕುರಿಯಿಂದ ಕುರಿಗೆ ಈ ರೋಗ ನೇರವಾಗಿ ಅಂಟುವುದಿಲ್ಲ. ಸುತ್ತುವ ಕುರಿಯ ಜೊತೆಗೆ ಕಟ್ಟಿದ್ದರಿಂದ ಪಕ್ಕದ ಕುರಿಗೆ ರೋಗ ಬಂತು ಎನ್ನುವುದು ತಪ್ಪು ಕಲ್ಪನೆ. ಎರಡಕ್ಕೂ ಬಂದಿದ್ದರೆ ಎರಡೂ ಒಂದೇ ನಾಯಿಯ ಮಲ ಬಿದ್ದ ಜಾಗದಲ್ಲಿ ಮೇದಿವೆ ಎಂದು ಅರ್ಥ.

ರೋಗ ಲಕ್ಷಣಗಳು

ರೋಗದಲ್ಲಿ ಎರಡು ಹಂತಗಳಿವೆ. ಒಮ್ಮೆಗೇ ಹೆಚ್ಚು ಮೊಟ್ಟೆ ತಿಂದ ಎಳೆಯ ಮರಿಗಳಲ್ಲಿ, ಹುಳುವಿನ ಮರಿಗಳು ಮಿದುಳಿನೊಳಗೆ ಕೊರೆದುಕೊಂಡು ಹೋಗುವಾಗ ಉರಿಯೂತ ಉಂಟಾಗುತ್ತದೆ. ಜ್ವರ, ಬೆದರುವುದು, ತೂರಾಡುವುದು, ಸೆಳೆತ ಕಾಣಿಸಿಕೊಂಡು ಕೆಲವು ದಿನಗಳಲ್ಲೇ ಮರಿ ಸಾಯಬಹುದು. ಈ ಹಂತವನ್ನು ಗುರುತಿಸುವುದು ಕಷ್ಟ.

ಸಾಮಾನ್ಯವಾಗಿ ಕಾಣಸಿಗುವುದು ಎರಡನೆಯ ಹಂತ. ಮೊಟ್ಟೆ ಹೊಟ್ಟೆ ಸೇರಿ ಕೆಲವು ತಿಂಗಳು ಕಳೆದು, ಗುಳ್ಳೆ ದೊಡ್ಡದಾಗಿ ಮಿದುಳನ್ನು ಒತ್ತಿದಾಗ ಲಕ್ಷಣಗಳು ತೋರುತ್ತವೆ. ಆರು ತಿಂಗಳಿಂದ ಒಂದೂವರೆ ವರ್ಷದ ಮರಿಗಳಲ್ಲಿ ಇದು ಹೆಚ್ಚು. ಮೂರು ವರ್ಷ ದಾಟಿದ ಕುರಿಗಳಲ್ಲಿ ಅಪರೂಪ. ಗಮನಿಸಬೇಕಾದ ಲಕ್ಷಣಗಳು ಇವು:

1. ಹಿಂಡಿನಿಂದ ಬೇರೆಯಾಗಿ ಮಂಕಾಗಿ ನಿಲ್ಲುವುದು. ಬಾಯಲ್ಲಿ ಹುಲ್ಲು ಹಿಡಿದು ಅಗಿಯುವುದನ್ನೇ ಮರೆತಂತೆ ನಿಲ್ಲುವುದು.

2. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಸದಾ ಒಂದೇ ದಿಕ್ಕಿಗೆ ಸುತ್ತುವುದು.

3. ಒಂದು ಕಣ್ಣಿನ ದೃಷ್ಟಿ ಹೋಗುವುದು. ಒಂದೇ ಪಕ್ಕದಲ್ಲಿ ಗೂಟ, ಬೇಲಿಗೆ ಡಿಕ್ಕಿ ಹೊಡೆಯುವುದು.

4. ಗೋಡೆಗೋ ಮರಕ್ಕೋ ಹಣೆ ಒತ್ತಿ ನಿಲ್ಲುವುದು.

5. ಗುಳ್ಳೆ ತಲೆಯ ಹಿಂಭಾಗದ ಕಿರಿ ಮಿದುಳಿನಲ್ಲಿದ್ದರೆ ಸುತ್ತುವುದಕ್ಕಿಂತ ತೂರಾಟ ಹೆಚ್ಚು. ಕಾಲನ್ನು ಅಗಲಿಸಿ ನಿಲ್ಲುವುದು, ಹೆಜ್ಜೆಯನ್ನು ಎತ್ತೆತ್ತಿ ಇಡುವುದು, ಬೀಳುವುದು.

6. ರೋಗ ಹಳೆಯದಾದಂತೆ ಸೊರಗುವುದು, ಕೊನೆಗೆ ನೆಲ ಹಿಡಿಯುವುದು.

ಈ ಹಂತದಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಲಕ್ಷಣಗಳು ಒಂದೇ ದಿನದಲ್ಲಿ ಬಾರದೆ ವಾರಗಳ ಕಾಲ ನಿಧಾನವಾಗಿ ಹೆಚ್ಚುತ್ತವೆ. ಈ ಎರಡು ಅಂಶಗಳು ರೋಗ ಪತ್ತೆಗೆ ಬಹಳ ಮುಖ್ಯ.

ಸುತ್ತುವುದೆಲ್ಲ ಸುತ್ತುರೋಗವಲ್ಲ

ಕುರಿ ಸುತ್ತಿತು, ಕುರುಡಾಯಿತು ಎಂದ ಮಾತ್ರಕ್ಕೆ ಗುಳ್ಳೆಯೇ ಎಂದು ತೀರ್ಮಾನಿಸಬಾರದು. ಇದೇ ರೀತಿ ತೋರುವ ಬೇರೆ ರೋಗಗಳಿವೆ.

ಲಿಸ್ಟೀರಿಯ ರೋಗದಲ್ಲಿಯೂ ಕುರಿ ಒಂದೇ ದಿಕ್ಕಿಗೆ ಸುತ್ತುತ್ತದೆ. ಆದರೆ ಜ್ವರ ಇರುತ್ತದೆ. ಒಂದು ಕಿವಿ, ಒಂದು ರೆಪ್ಪೆ, ತುಟಿಯ ಒಂದು ಪಕ್ಕ ಜೋತು ಬಿದ್ದು ಜೊಲ್ಲು ಸುರಿಯುತ್ತದೆ. ರೋಗ ಕೆಲವು ದಿನಗಳಲ್ಲಿಯೇ ಉಲ್ಬಣಿಸುತ್ತದೆ.

ಬಿ-1 ಜೀವಸತ್ವದ ಕೊರತೆಯಿಂದ ಮಿದುಳು ಕೆಟ್ಟಾಗ ಕುರಿಗೆ ಇದ್ದಕ್ಕಿದ್ದಂತೆ ಎರಡೂ ಕಣ್ಣು ಕಾಣದಂತಾಗುತ್ತದೆ. ತಲೆಯನ್ನು ಮೇಲೆತ್ತಿ ಆಕಾಶ ನೋಡುವಂತೆ ನಿಲ್ಲುತ್ತದೆ. ಬೇಗ ಬಿ-1 ಚುಚ್ಚುಮದ್ದು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ದಿಢೀರನೆ ಕಾಳು, ಹಿಂಡಿ ಹೆಚ್ಚು ತಿನ್ನಿಸಿದ ಹಿಂಡುಗಳಲ್ಲಿ ಇದನ್ನು ನೆನಪಿಡಬೇಕು.

ಮೂಗಿನ ಹುಳು ಇದ್ದರೆ ಪದೇ ಪದೇ ಸೀನು, ಮೂಗಿನಿಂದ ಸಿಂಬಳ, ತಲೆ ಕೊಡವುವುದು ಇರುತ್ತದೆ. ಕಿವಿಯ ಒಳಭಾಗದಲ್ಲಿ ಕೀವಾದರೆ ತಲೆ ವಾಲುತ್ತದೆ, ಆದರೆ ದೃಷ್ಟಿ ಚೆನ್ನಾಗಿರುತ್ತದೆ. ತುಂಬು ಗಬ್ಬದ ಕುರಿ ಮಂಕಾಗಿ ಕುರುಡಾದರೆ ಗಬ್ಬದ ನಂಜು ಇರಬಹುದು.

ಕೊನೆಯದಾಗಿ ಹುಚ್ಚುನಾಯಿ ರೋಗ. ಕುರಿಯ ದನಿ ಬದಲಾಗಿ, ಜೊಲ್ಲು ಸುರಿದು, ಹಾಯಲು ಬರುತ್ತಿದ್ದರೆ, ಇಲ್ಲವೆ ಈಚೆಗೆ ಹಿಂಡಿಗೆ ನಾಯಿ ಕಚ್ಚಿದ್ದರೆ, ಅದರ ಬಾಯಿಗೆ ಕೈ ಹಾಕಬಾರದು, ಔಷಧಿ ಕುಡಿಸಲೂಬಾರದು. ಬೇರೆ ಕಟ್ಟಿ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ರೋಗ ಪತ್ತೆ ಮಾಡುವ ವಿಧಾನ

ವಿಸ್ತರಣಾ ಕಾರ್ಯಕರ್ತರು ಮತ್ತು ಅನುಭವಸ್ಥ ಕುರಿಗಾರರು ದೊಡ್ಡಿಯಲ್ಲಿಯೇ ಕೆಲವು ಸರಳ ಪರೀಕ್ಷೆಗಳನ್ನು ಮಾಡಿ, ಬರೆದಿಟ್ಟು, ಪಶುವೈದ್ಯರಿಗೆ ತಿಳಿಸಿದರೆ ಅವರ ಕೆಲಸ ಹಗುರವಾಗುತ್ತದೆ.

ಮೊದಲು ಕುರಿಯನ್ನು ಹಿಡಿಯದೆ ದೂರದಿಂದ ಹತ್ತು ನಿಮಿಷ ನೋಡಿರಿ. ಎಡಕ್ಕೆ ಸುತ್ತುತ್ತದೆಯೋ ಬಲಕ್ಕೋ ಗುರುತು ಮಾಡಿಕೊಳ್ಳಿರಿ. ಅನಂತರ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಕಡೆಗೆ ಬೆರಳನ್ನು ಚುಚ್ಚುವಂತೆ ತನ್ನಿರಿ. ಗಾಳಿ ಬೀಸಬಾರದು, ರೆಪ್ಪೆಯ ಕೂದಲಿಗೆ ಬೆರಳು ತಾಗಬಾರದು. ದೃಷ್ಟಿಯಿದ್ದರೆ ಕುರಿ ರೆಪ್ಪೆ ಬಡಿಯುತ್ತದೆ. ಎರಡೂ ಕಣ್ಣುಗಳನ್ನು ಹೀಗೆ ಪರೀಕ್ಷಿಸಿರಿ. ಬಳಿಕ ಕುರಿಯನ್ನು ನಿಲ್ಲಿಸಿ ಒಂದೊಂದೇ ಪಾದವನ್ನು ಹಿಂದಕ್ಕೆ ಮಡಚಿ ಗೊರಸಿನ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿರಿ. ಆರೋಗ್ಯವಂತ ಕುರಿ ತಕ್ಷಣ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಗುಳ್ಳೆಯ ಒತ್ತಡ ಇರುವ ಕುರಿ ಒಂದು ಪಕ್ಕದ ಪಾದವನ್ನು ಹಾಗೆಯೇ ಬಿಟ್ಟಿರುತ್ತದೆ ಇಲ್ಲವೆ ತಡವಾಗಿ ಎತ್ತುತ್ತದೆ.

ಮಿದುಳಿನ ಎಡಭಾಗ ದೇಹದ ಬಲಪಕ್ಕವನ್ನೂ, ಬಲಭಾಗ ಎಡಪಕ್ಕವನ್ನೂ ಆಳುತ್ತದೆ. ಆದ್ದರಿಂದ ಬಲಗಣ್ಣು ಕಾಣದೆ, ಬಲಗಾಲುಗಳು ತಡಮಾಡಿದರೆ ಗುಳ್ಳೆ ಇರುವುದು ಎಡಗಡೆಯ ದೊಡ್ಡ ಮಿದುಳಿನಲ್ಲಿ. ಇಂಥ ಕುರಿ ಬಹುಮಟ್ಟಿಗೆ ಎಡಕ್ಕೆ, ಎಂದರೆ ಗುಳ್ಳೆ ಇರುವ ಕಡೆಗೇ, ಸುತ್ತುತ್ತದೆ. ಆದರೆ ಸುತ್ತುವ ದಿಕ್ಕು ಕೆಲವೊಮ್ಮೆ ಮೋಸ ಮಾಡುವುದುಂಟು. ಕಣ್ಣು ಮತ್ತು ಪಾದದ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.

ನಂತರ ಹೆಬ್ಬೆರಳಿನಿಂದ ತಲೆಬುರುಡೆಯನ್ನು ಎರಡೂ ಕಡೆ ಸಮನಾಗಿ ಒತ್ತಿ ನೋಡಬೇಕು. ಗುಳ್ಳೆ ಮೇಲ್ಭಾಗದಲ್ಲಿದ್ದು ಹಳೆಯದಾಗಿದ್ದರೆ ಅದರ ಮೇಲಿನ ಮೂಳೆ ತೆಳುವಾಗಿ, ಮೆತ್ತಗಾಗಿ ಬೆರಳಿಗೆ ತಗ್ಗುತ್ತದೆ. ಬಂಡೂರು ಕುರಿ ಸಾಮಾನ್ಯವಾಗಿ ಕೊಂಬಿಲ್ಲದ ತಳಿಯಾದ್ದರಿಂದ ಈ ಪರೀಕ್ಷೆ ಸುಲಭ. ಮೆತ್ತಗಾದ ಜಾಗ ಸಿಕ್ಕಿತೆಂದು ಪದೇ ಪದೇ ಒತ್ತಬಾರದು. ಸೂಜಿಯಿಂದ ಚುಚ್ಚಲೇಬಾರದು. ಮೂಳೆ ಮೆತ್ತಗಾಗದಿದ್ದರೂ ಗುಳ್ಳೆ ಇರಬಹುದು. ಎಲ್ಲ ಕುರಿಗಳಲ್ಲಿಯೂ ಈ ಗುರುತು ಸಿಗುವುದಿಲ್ಲ.

ಕೊನೆಗೆ ಗುದದ್ವಾರದಲ್ಲಿ ಉಷ್ಣಮಾಪಕವಿಟ್ಟು ಜ್ವರ ನೋಡಬೇಕು. ಕುರಿಯ ಸಹಜ ಉಷ್ಣತೆ ಸುಮಾರು 102 ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮೂಳೆ ತೆಳುವಾದ ಕಡೆ ಅಲ್ಟ್ರಾಸೌಂಡ್ ಯಂತ್ರದಿಂದ ಗುಳ್ಳೆಯನ್ನು ನೋಡಬಹುದು. ಸಿ.ಟಿ. ಚಿತ್ರದಿಂದ ಗುಳ್ಳೆಯ ಜಾಗ, ಆಳ, ಸಂಖ್ಯೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ.

ಯಾವ ಕುರಿಗೆ ಶಸ್ತ್ರಚಿಕಿತ್ಸೆ?

ಜಂತುಹುಳುವಿನ ಔಷಧಿ ಕುಡಿಸಿ ಗುಳ್ಳೆಯನ್ನು ಕರಗಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಎಳೆಯ ಹಂತದಲ್ಲಿ ಕೆಲವು ಔಷಧಿಗಳು ಪರಿಣಾಮ ಮಾಡಬಲ್ಲವು. ಆದರೆ ಗುಳ್ಳೆ ದೊಡ್ಡದಾದ ಮೇಲೆ ಅದು ಮಿದುಳಿನೊಳಗೇ ಸತ್ತರೆ ಸುತ್ತಲೂ ಊತ ಹೆಚ್ಚಿ ಕುರಿಗೆ ಅಪಾಯವಾಗಬಹುದು. ಆದ್ದರಿಂದ ಬೆಳೆದ ಗುಳ್ಳೆಗೆ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ.

ತಳಿಗೆ ಬೇಕಾದ, ಇನ್ನೂ ಎದ್ದು ಓಡಾಡುತ್ತಿರುವ, ಮೇವು ತಿನ್ನುತ್ತಿರುವ, ಗುಳ್ಳೆ ಯಾವ ಪಕ್ಕದಲ್ಲಿದೆ ಎಂದು ಖಚಿತವಾಗಿ ತಿಳಿದಿರುವ ಕುರಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಲಾಭದಾಯಕ. ಹೀಗೆ ಸರಿಯಾಗಿ ಆರಿಸಿದ ಕುರಿಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಗುಣವಾಗುವುದನ್ನು ಈ ರೋಗ ಹೆಚ್ಚಾಗಿರುವ ದೇಶಗಳ ಅನುಭವ ತೋರಿಸಿದೆ. ನೆಲ ಹಿಡಿದು ಹಲವು ದಿನವಾದ, ಗುಳ್ಳೆ ಕಿರಿ ಮಿದುಳಿನಲ್ಲಿರುವ, ಒಂದಕ್ಕಿಂತ ಹೆಚ್ಚು ಗುಳ್ಳೆಗಳಿರುವ ಕುರಿಗಳಲ್ಲಿ ಗುಣವಾಗುವ ಭರವಸೆ ಕಡಿಮೆ. ಮಾಂಸಕ್ಕೆಂದೇ ಸಾಕಿದ ಟಗರಾದರೆ ಖರ್ಚು ವೆಚ್ಚ ಲೆಕ್ಕ ಹಾಕಿ ಪಶುವೈದ್ಯರೊಡನೆ ಮಾತನಾಡಿ ತೀರ್ಮಾನಿಸಬೇಕು. ಏನೇ ಆದರೂ ತಡಮಾಡುವುದೇ ದೊಡ್ಡ ನಷ್ಟ. ಬರೆ, ಮಂತ್ರ, ನಾಟಿ ಮದ್ದು ಎಂದು ಕಳೆಯುವ ಒಂದು ತಿಂಗಳಲ್ಲಿ, ಉಳಿಯಬಹುದಾಗಿದ್ದ ಕುರಿ ನೆಲ ಹಿಡಿಯುತ್ತದೆ.

ಶಸ್ತ್ರಚಿಕಿತ್ಸೆಗೆ ಕಾದಿರುವ ದಿನಗಳಲ್ಲಿ ಕುರಿಯನ್ನು ಬಾವಿ, ನಾಲೆಗಳ ಬಳಿಗೆ ಬಿಡಬಾರದು. ಬೇರೆ ಕಟ್ಟಿ, ಕಾಣುವ ಕಣ್ಣಿನ ಕಡೆಗೆ ಮೇವು ನೀರು ಇಡಬೇಕು. ಕುರಿ ಗಬ್ಬವಾಗಿದ್ದರೆ ಪಶುವೈದ್ಯರಿಗೆ ಮುಂಚಿತವಾಗಿ ಹೇಳಬೇಕು. ಊತ ಇಳಿಸಲು ಕೊಡುವ ಕೆಲವು ಚುಚ್ಚುಮದ್ದುಗಳಿಂದ ತುಂಬು ಗಬ್ಬದ ಕುರಿ ಕಂದು ಹಾಕುವ ಸಂಭವವಿದೆ.

ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಇದು ಪಶುವೈದ್ಯರೇ ಮಾಡಬೇಕಾದ ಕೆಲಸ. ಆದರೂ ಏನು ನಡೆಯುತ್ತದೆ ಎಂದು ಕುರಿಯ ಒಡೆಯನಿಗೆ ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ.

ವೈದ್ಯರು ಹೇಳಿದಷ್ಟು ಹೊತ್ತು ಕುರಿಯನ್ನು ಉಪವಾಸ ಇಡಬೇಕು. ಹೊಟ್ಟೆ ತುಂಬಿದ್ದರೆ ಅರಿವಳಿಕೆಯ ವೇಳೆ ಹೊಟ್ಟೆ ಉಬ್ಬರವಾಗಬಹುದು, ಮೇವು ಶ್ವಾಸನಾಳಕ್ಕೆ ನುಗ್ಗಬಹುದು. ಅರಿವಳಿಕೆ ಕೊಟ್ಟ ಮೇಲೆ ತಲೆಯ ಉಣ್ಣೆ ಬೋಳಿಸಿ, ಚರ್ಮವನ್ನು ಶುದ್ಧಿಮಾಡಿ, ಗುರುತಿಸಿದ ಜಾಗದಲ್ಲಿ ಅರ್ಧಚಂದ್ರಾಕಾರವಾಗಿ ಚರ್ಮವನ್ನು ಕೊಯ್ದು ಮಡಚುತ್ತಾರೆ. ಅದರ ಕೆಳಗಿನ ಮೂಳೆಯಲ್ಲಿ ಟ್ರೆಫೈನ್ ಎಂಬ ಬಳೆಯಾಕಾರದ ಸಣ್ಣ ಗರಗಸದಿಂದ ಒಂದೆರಡು ಸೆಂಟಿಮೀಟರು ಅಗಲದ ರಂಧ್ರ ಮಾಡುತ್ತಾರೆ. ಬುರುಡೆಯ ನಟ್ಟನಡುವೆ ಮತ್ತು ಹಿಂಭಾಗದಲ್ಲಿ ಅಡ್ಡಲಾಗಿ ದೊಡ್ಡ ರಕ್ತನಾಳಗಳು ಇರುವುದರಿಂದ ಆ ಜಾಗಗಳನ್ನು ಬಿಟ್ಟು ಪಕ್ಕಕ್ಕೆ ಸರಿದು ರಂಧ್ರ ಮಾಡುವುದು ಪದ್ಧತಿ. ಮಿದುಳಿನ ಮೇಲಿನ ಪೊರೆಯನ್ನು ನಾಜೂಕಾಗಿ ಬಿಡಿಸಿದಾಗ, ಗುಳ್ಳೆ ಮೇಲೆಯೇ ಇದ್ದರೆ ತಾನಾಗಿ ಉಬ್ಬಿ ಬರುತ್ತದೆ. ಆಳದಲ್ಲಿದ್ದರೆ ಮೊಂಡು ಸೂಜಿ ಅಥವಾ ಸಣ್ಣ ನಳಿಕೆಯಿಂದ ಹುಡುಕಬೇಕಾಗುತ್ತದೆ. ಪಿಚಕಾರಿಯಿಂದ ನೀರನ್ನು ಹೀರಿ, ಸಡಿಲವಾದ ಪೊರೆಯನ್ನು ಚಿಮಟದಲ್ಲಿ ಹಿಡಿದು, ಮೆಲ್ಲಗೆ ತಿರುವುತ್ತ ಹೊರಕ್ಕೆ ಎಳೆಯುತ್ತಾರೆ.

ಇಲ್ಲಿ ಒಂದು ವಿಷಯ ಮುಖ್ಯ. ನೀರು ತೆಗೆದರೆ ಸಾಲದು, ಗುಳ್ಳೆಯ ಪೊರೆ ಪೂರ್ತಿಯಾಗಿ ಬರಬೇಕು. ನಾಯಿಯ ಕಣ್ಣೀರಿನ ಗ್ರಂಥಿಯ ನಾಳ ಕಟ್ಟಿಕೊಂಡು ಕಣ್ಣಿನ ಬಳಿ ನೀರ್ಗುಳ್ಳೆ ಏಳುವುದುಂಟು. ಅದು ಹುಳುವಿನಿಂದ ಆದುದಲ್ಲ. ಆದರೂ ಸೂಜಿಯಿಂದ ನೀರನ್ನಷ್ಟೇ ತೆಗೆದರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿಯೂ ಗೋಡೆಸಮೇತ ತೆಗೆಯುವುದೇ ಚಿಕಿತ್ಸೆ. ಕುರಿಯ ಗುಳ್ಳೆಯ ಗೋಡೆಯಲ್ಲಂತೂ ಹುಳುವಿನ ತಲೆಗಳೇ ಇರುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಪೊರೆ ಹೊರಬಂದ ಮೇಲೆ ಚರ್ಮವನ್ನು ಹೊಲಿಯುತ್ತಾರೆ. ತೆಗೆದ ಗುಳ್ಳೆಯನ್ನು ಆಸ್ಪತ್ರೆಯ ಆವರಣದಲ್ಲಿ ಬಿಸಾಡದೆ ಸುಡಬೇಕು.

ಚಿಕಿತ್ಸೆಯ ನಂತರ ಕುರಿಯನ್ನು ಒಣ ಹುಲ್ಲಿನ ಹಾಸಿಗೆಯ ಮೇಲೆ ಎದೆಯೂರಿ ಕೂರುವಂತೆ ಇಡಬೇಕು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಏಳಲಾರದ ಕುರಿಯನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ವೈದ್ಯರು ಸೂಚಿಸಿದ ಚುಚ್ಚುಮದ್ದುಗಳನ್ನು ಒಂದು ದಿನವೂ ತಪ್ಪದೆ ಮುಗಿಸಬೇಕು. ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಬೇಕು. ಹೊಲಿಗೆಯನ್ನು ಸುಮಾರು 10 ರಿಂದ 12 ದಿನಗಳಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಟಗರುಗಳ ಜೊತೆ ಬಿಡಬಾರದು, ಒಂದು ಗುದ್ದು ಸಾಕು ಎಲ್ಲ ಶ್ರಮ ಹಾಳಾಗಲು. ಹಲವು ಕುರಿಗಳು ಒಂದು ವಾರದಲ್ಲಿಯೇ ಸುತ್ತುವುದನ್ನು ನಿಲ್ಲಿಸಿ ಹಿಂಡಿಗೆ ಹೊಂದಿಕೊಳ್ಳುತ್ತವೆ. ದೃಷ್ಟಿ ಬರಲು ಕೆಲವೊಮ್ಮೆ ಇನ್ನೂ ಸಮಯ ಹಿಡಿಯುತ್ತದೆ.

ಬೆಂಗಳೂರಿನ ಹೆಬ್ಬಾಳ, ಹಾಸನ ಮೊದಲಾದ ಕಡೆಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಅವರ ಸಲಹೆಯಂತೆ ಮುಂದುವರಿಯುವುದು ಒಳ್ಳೆಯದು.

ಹತೋಟಿಯ ಕೀಲಿಕೈ: ತಲೆ ಮತ್ತು ನಾಯಿ

ಶಸ್ತ್ರಚಿಕಿತ್ಸೆಯಿಂದ ಉಳಿಯುವುದು ಒಂದು ಕುರಿ. ಬದುವಿನ ಮೇಲೆ ಮೊಟ್ಟೆ ಬೀಳುತ್ತಲೇ ಇದ್ದರೆ ಮುಂದಿನ ವರ್ಷ ಇನ್ನೊಂದು ಕುರಿ ಸುತ್ತುತ್ತದೆ. ಕುರಿಗೆ ಹಾಕುವ ಲಸಿಕೆ ನಮ್ಮ ರೈತರ ಬಳಕೆಗೆ ಇನ್ನೂ ಬಂದಿಲ್ಲ. ಆದ್ದರಿಂದ ಸುತ್ತನ್ನು ಎರಡು ಕಡೆ ಕಡಿಯಬೇಕು.

ಮೊದಲನೆಯದು, ಕುರಿಯ ತಲೆ. ನಮ್ಮ ಕಡೆ ಕುರಿಯ ತಲೆಕಾಲನ್ನು ಯಾರೂ ಬಿಸಾಡುವುದಿಲ್ಲ, ಸಾರು ಮಾಡುತ್ತಾರೆ. ಚೆನ್ನಾಗಿ ಬೇಯಿಸಿದರೆ ಗುಳ್ಳೆಯಲ್ಲಿನ ಹುಳುಗಳು ಸಾಯುವುದರಿಂದ ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಬೇರೆ ಕಡೆ. ಬುರುಡೆ ಒಡೆದಾಗ ಮಿದುಳಿನಲ್ಲಿ ನೀರ್ಗುಳ್ಳೆ ಕಂಡರೆ 'ಇದು ಕೆಟ್ಟಿದೆ' ಎಂದು ಅದನ್ನು ನಾಯಿಗೆ ಎಸೆಯುತ್ತೇವೆ. ಸುತ್ತುರೋಗದಿಂದ ಸತ್ತ ಕುರಿಯನ್ನು ಹಳ್ಳಕ್ಕೋ ಪಾಳುಬಾವಿಗೋ ಹಾಕುತ್ತೇವೆ. ಅಲ್ಲಿಯೂ ಮೊದಲು ಬರುವುದು ನಾಯಿ, ನರಿಗಳೇ. ಎಂದರೆ ಆರೋಗ್ಯದ ತಲೆ ನಮ್ಮ ಪಾಲಿಗೆ, ರೋಗದ ತಲೆ ಸರಿಯಾಗಿ ನಾಯಿಯ ಪಾಲಿಗೆ. ಹುಳುವಿಗೆ ಬೇಕಾದುದೂ ಇಷ್ಟೇ.

ಯುಗಾದಿಯ ಮರುದಿನದ ಹೊಸತೊಡಕು, ಮಾರಿಹಬ್ಬ, ಪಿತೃಪಕ್ಷ, ಇಂಥ ದಿನಗಳಲ್ಲಿ ಊರೂರಲ್ಲಿ ಒಂದೇ ದಿನ ಹಲವಾರು ಕುರಿಗಳನ್ನು ಕಡಿಯುತ್ತಾರೆ. ಗುಡ್ಡೆಬಾಡು ಹಂಚುವ ಜಾಗದಲ್ಲಿ ಊರ ನಾಯಿಗಳೆಲ್ಲ ಸೇರಿರುತ್ತವೆ. ಅಂದು ಒಂದು ಗುಳ್ಳೆಯನ್ನು ಒಂದು ನಾಯಿ ತಿಂದರೆ ಆರು ವಾರ ಕಳೆದ ಮೇಲೆ ಆ ಊರಿನ ಬದುಗಳಲ್ಲಿ ಮೊಟ್ಟೆ ಬೀಳತೊಡಗುತ್ತದೆ. ಆದ್ದರಿಂದ ಕುರಿ ಕಡಿಯುವ ಜಾಗದಲ್ಲಿ ಮೊದಲೇ ಮೂರು ನಾಲ್ಕು ಅಡಿ ಆಳದ ಗುಂಡಿ ತೋಡಿ, ಗುಳ್ಳೆ ಕಂಡ ಮಿದುಳು ಮತ್ತು ಬೇಡವಾದ ಒಳ ಅಂಗಗಳನ್ನು ಅದಕ್ಕೆ ಹಾಕಿ, ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಕಲ್ಲು ಹೇರಬೇಕು. ಇಲ್ಲವೆ ಸುಡಬೇಕು. ಸತ್ತ ಕುರಿಗೂ ಇದೇ ಕ್ರಮ. ಯಕೃತ್ತು, ಶ್ವಾಸಕೋಶ, ಹೊಟ್ಟೆಯ ಕೊಬ್ಬಿನಲ್ಲಿ ಕಾಣುವ ನೀರ್ಗುಳ್ಳೆಗಳೂ ನಾಯಿಯ ಬೇರೆ ಬೇರೆ ಲಾಡಿಹುಳುಗಳಿಂದ ಬಂದವೇ. ಅವನ್ನೂ ನಾಯಿಗೆ ಹಾಕಬಾರದು.

ಎರಡನೆಯದು, ನಾಯಿಗೆ ಮಾತ್ರೆ. ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಲಾಡಿಹುಳುವಿಗೆ ಪರಿಣಾಮಕಾರಿ. ಪ್ರಮಾಣ ನಾಯಿಯ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ.

10 ಕಿಲೋ ತೂಕದ ನಾಯಿಗೆ 50 ಮಿಲಿಗ್ರಾಂ
15 ಕಿಲೋ ತೂಕದ ನಾಯಿಗೆ 75 ಮಿಲಿಗ್ರಾಂ
20 ಕಿಲೋ ತೂಕದ ನಾಯಿಗೆ 100 ಮಿಲಿಗ್ರಾಂ

ಮಾತ್ರೆಯನ್ನು ರಾಗಿಮುದ್ದೆಯ ತುತ್ತಿನಲ್ಲೋ ಮಾಂಸದ ತುಂಡಿನಲ್ಲೋ ಅಡಗಿಸಿ ಕೊಡಬಹುದು. ನುಂಗಿತೇ ಉಗುಳಿತೇ ಎಂದು ನೋಡಬೇಕು. ನಾಲ್ಕು ವಾರ ತುಂಬದ ನಾಯಿಮರಿಗಳಿಗೆ ಕೊಡಬಾರದು. ಈ ಮಾತ್ರೆ ಅಂದು ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಸೇರುವ ಹುಳುವನ್ನು ತಡೆಯುವುದಿಲ್ಲ. ಹುಳು ಮೊಟ್ಟೆ ಬಿಡಲು ಸುಮಾರು ಆರು ವಾರ ಬೇಕಾದ್ದರಿಂದ, ಆರು ವಾರಕ್ಕೊಮ್ಮೆ ತಪ್ಪದೆ ಕೊಟ್ಟರೆ ಮೊಟ್ಟೆ ಹೊರಬೀಳಲು ಅವಕಾಶವೇ ಇರುವುದಿಲ್ಲ. ವರ್ಷಕ್ಕೆ ಎಂಟು ಒಂಬತ್ತು ಸಲ ಆಗುತ್ತದೆ. ನಾಯಿ ಕುರಿಯ ತಲೆ ತಿಂದದ್ದು ಗೊತ್ತಾದರೆ ಐದು ವಾರ ಮೀರದಂತೆ ಒಮ್ಮೆ ಕೊಡಲೇಬೇಕು. ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಹೂಳಬೇಕು.

ಎರಡು ತಪ್ಪುಗಳು ಸಾಮಾನ್ಯ. ಕುರಿಗೆ ಕುಡಿಸಿ ಉಳಿದ ಜಂತು ಔಷಧಿಯನ್ನೇ ನಾಯಿಗೂ ಕುಡಿಸುವುದು ಒಂದು. ಉಣ್ಣೆ, ಕಜ್ಜಿಗೆಂದು ಹಾಕಿಸಿದ ಐವರ್‌ಮೆಕ್ಟಿನ್ ಚುಚ್ಚುಮದ್ದೇ ಎಲ್ಲ ಹುಳುಗಳಿಗೂ ಸಾಕು ಎಂದು ಭಾವಿಸುವುದು ಇನ್ನೊಂದು. ಐವರ್‌ಮೆಕ್ಟಿನ್ ಲಾಡಿಹುಳುವನ್ನು ಕೊಲ್ಲುವುದಿಲ್ಲ.

ಈ ಮಾತ್ರೆಯಿಂದ ಮನೆಯವರಿಗೂ ಲಾಭವಿದೆ. ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ನೀರ್ಗುಳ್ಳೆ ಉಂಟುಮಾಡುವ ಹೈಡಾಟಿಡ್ ರೋಗವೂ ನಾಯಿಯ ಲಾಡಿಹುಳುವಿನಿಂದಲೇ ಬರುತ್ತದೆ. ಸುತ್ತುರೋಗದ ಹುಳು ಕೂಡ ಅಪರೂಪವಾಗಿ ಮನುಷ್ಯರ ಮಿದುಳಿಗೆ, ಕಣ್ಣಿಗೆ ತಗಲಿದ್ದುಂಟು. ನಾಯಿಯನ್ನು ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆದೇ ಊಟಕ್ಕೆ ಕೂರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಒಬ್ಬ ರೈತ ತನ್ನ ನಾಯಿಗೆ ಮಾತ್ರೆ ಕೊಟ್ಟು, ನೆರೆಯವನು ಕೊಡದಿದ್ದರೆ ಪ್ರಯೋಜನ ಅರ್ಧವಾಗುತ್ತದೆ. ಬದು ಇಬ್ಬರ ಕುರಿಗಳಿಗೂ ಒಂದೇ. ಆದ್ದರಿಂದ ಊರಿನ ನಾಯಿಗಳ ಪಟ್ಟಿ ಮಾಡಿ, ಆರು ವಾರಕ್ಕೊಮ್ಮೆ ಒಂದು ದಿನ ಗೊತ್ತುಮಾಡಿ, ಎಲ್ಲ ನಾಯಿಗಳಿಗೂ ಅಂದೇ ಮಾತ್ರೆ ಕೊಡಿಸುವುದು ಉತ್ತಮ. ಒಡೆಯನಿಲ್ಲದ ಊರ ನಾಯಿಗಳನ್ನು ಪಟ್ಟಿಯಿಂದ ಬಿಡಬಾರದು. ಹೊಸತೊಡಕಿಗೆ ಒಂದು ವಾರ ಮೊದಲು ಗುಡ್ಡೆಬಾಡು ಮಾಡುವವರನ್ನೂ ಮಾಂಸದ ಅಂಗಡಿಯವರನ್ನೂ ಕಂಡು ಗುಂಡಿಯ ವಿಷಯ ತಿಳಿಸಿರಿ. ಕಡಿದಾಗ ಗುಳ್ಳೆ ಸಿಕ್ಕಿದರೆ ಅದನ್ನು ಮುಚ್ಚಳದ ಗಾಜಿನ ಸೀಸೆಯಲ್ಲಿಟ್ಟು ಬೆಳಕಿಗೆ ಹಿಡಿದು ರೈತರಿಗೆ ತೋರಿಸಿರಿ. ಒಳಗಿನ ಬಿಳಿ ಚುಕ್ಕೆಗಳನ್ನು ಕಣ್ಣಾರೆ ಕಂಡವರು ಮತ್ತೆ ಅದನ್ನು ನಾಯಿಗೆ ಹಾಕುವುದಿಲ್ಲ. ತೋರಿಸಿದ ಮೇಲೆ ಮರೆಯದೆ ಸುಟ್ಟುಹಾಕಿರಿ.

ನೆನಪಿಡಬೇಕಾದ ಅಂಶಗಳು

1. ಒಂದೂವರೆ ವರ್ಷದೊಳಗಿನ ಕುರಿ ಜ್ವರವಿಲ್ಲದೆ, ವಾರಗಟ್ಟಲೆ ಒಂದೇ ದಿಕ್ಕಿಗೆ ಸುತ್ತಿದರೆ ಮಿದುಳಿನ ಗುಳ್ಳೆಯನ್ನು ಶಂಕಿಸಿರಿ.

2. ಬರೆ ಹಾಕಬೇಡಿರಿ, ಸೂಜಿ ಚುಚ್ಚಬೇಡಿರಿ. ಕುರಿ ಎದ್ದು ಓಡಾಡುತ್ತಿರುವಾಗಲೇ ಪಶುವೈದ್ಯರಿಗೆ ತೋರಿಸಿರಿ.

3. ಜೊಲ್ಲು ಸುರಿಸಿ ಹಾಯಲು ಬರುವ ಕುರಿಯ ಬಾಯಿಗೆ ಕೈ ಹಾಕಬೇಡಿರಿ.

4. ಗುಳ್ಳೆಯಿರುವ ತಲೆ ಮತ್ತು ಸತ್ತ ಕುರಿಯನ್ನು ಸುಡಿರಿ, ಇಲ್ಲವೆ ಆಳವಾಗಿ ಹೂಳಿರಿ.

5. ಊರಿನ ಎಲ್ಲ ನಾಯಿಗಳಿಗೂ ಆರು ವಾರಕ್ಕೊಮ್ಮೆ ತೂಕಕ್ಕೆ ತಕ್ಕಂತೆ ಲಾಡಿಹುಳುವಿನ ಮಾತ್ರೆ ಕೊಡಿಸಿರಿ.

ಹಿಂಡನ್ನು ಕಾಯುವ ನಾಯಿಯೇ ಹಿಂಡಿಗೆ ಕುತ್ತಾಗುವುದು ನಾಯಿಯ ತಪ್ಪಲ್ಲ, ಅದಕ್ಕೆ ನಾವು ಎಸೆಯುವ ತಲೆಯ ತಪ್ಪು. ಆ ತಲೆಯನ್ನು ಗುಂಡಿಗೆ ಹಾಕಿ, ಆ ನಾಯಿಗೆ ಒಂದು ಮಾತ್ರೆ ಹಾಕಿದರೆ ಬಂಡೂರು ಕುರಿಯ ಮರಿಗಳು ಸುತ್ತದೆ ನೆಟ್ಟಗೆ ನಡೆಯುತ್ತವೆ.